ಹರಕೆ ಅವಳದು, ಕಾಲು ಅವನದು

ನಮ್ಮ ಕಟ್ಟಡದ ಲಿಫ್ಟಣ್ಣ ಜೀವಮಾನದಲ್ಲಿ ಹತ್ತಿದ ಎತ್ತರವನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಅದು ಚಂದ್ರನ ಮುಂಬಾಗಿಲು ದಾಟಿ ಹಿತ್ತಿಲಿಗೆ ಹೋಗಿ ಮುಟ್ಟುತ್ತದೆ. ಹತ್ತಿದಷ್ಟನ್ನೂ ಇಳಿದುಬಿಟ್ಟಿದ್ದರಿಂದ ಪಾಪ ನೆಲಮಹಡಿಯಲ್ಲೇ ಉಳಿದ, ಅಷ್ಟೇ. ಈ ಹತ್ತುವುದು ಇಳಿಯುವುದೆಲ್ಲ ನಡೆದದ್ದು ಒಂದು ಮರದ ಸ್ಟೂಲಿನ ಮೇಲೆ ಕೂತು. ಕಾಲಿಗೆ ಕೆಲಸ ಹೇಳುವುದೆಂದರೆ ಅವನಿಗೆ ಬೇರೆಯವರ ಮನೆಯ ಆಳಿಗೆ ಕೆಲಸ ಹೇಳಿದಷ್ಟು ಸಂಕೋಚ. ಮನೆಯಿಂದ ಬಸ್ಸು, ಬಸ್ಸಿನಿಂದ ಲಿಫ್ಟು, ಲಿಫ್ಟಿನಿಂದ ಬಸ್ಸು, ಬಸ್ಸಿನಿಂದ ಮಂಚ. ಅವನ ಚಪ್ಪಲಿಗಳು ಸವೆದು ಹರಿದದ್ದನ್ನು ಯಾರೂ ಕಂಡಿಲ್ಲ. ಅವು ಇದ್ದಲ್ಲೇ ಇದ್ದು ಬೇಸರವಾಗಿ ತಾವಾಗಿಯೇ ಪ್ರಾಣ ಬಿಡುತ್ತಿದ್ದವು.

ಇಂಥವನು ಮೋಡಗಳಿಗಿಂತ ಮೇಲೆ, ಹಿಮದ ಮಗ್ಗುಲಲ್ಲಿ ಕೂತಿರುವ ಶಿವನ ಬಳಿಗೆ ತನ್ನ ಸ್ವಂತ ಕಾಲ ಮೇಲೆ ಹೊರಟ. ಕಾರಣ ಅವನ ಹೆಂಡತಿ.

ಆಕೆ ಇದೇ ಕಟ್ಟಡದ ನಾಲ್ಕನೇ ಮಹಡಿಯ ಹಲ್ಲಿನ ಆಸ್ಪತ್ರೆಯಲ್ಲಿ ಸರದಿ ಕೂಗುವವಳು. ಕಟ್ಟಡಕ್ಕೆಲ್ಲ ಅಕ್ಕ. ಒಂದು ಕಾಲದಲ್ಲಿ ಆಕೆ ಒಳಗೆ ನಿಂತು 'ಮುಂದಿನವರು ಬನ್ನಿ' ಎಂದರೆ ರಸ್ತೆಯಲ್ಲಿ ಹೋಗುವವರು ತಮ್ಮ ಹಲ್ಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಉಬ್ಬಸ ಅಂಟಿಕೊಂಡು ದನಿ ತಗ್ಗಿತು. ಹಟ ತಗ್ಗಲಿಲ್ಲ.

ಕೆಲವು ವರ್ಷಗಳ ಹಿಂದೆ ಲಿಫ್ಟಣ್ಣನಿಗೆ ನ್ಯುಮೋನಿಯಾ ಆಗಿತ್ತು. ಎರಡೂ ಶ್ವಾಸಕೋಶ ಹಿಡಿದುಕೊಂಡು, ಡಾಕ್ಟರುಗಳು ಅವನ ಮುಖ ನೋಡುವುದನ್ನು ಬಿಟ್ಟು ಆಕೆಯ ಮುಖ ನೋಡಿ ಮಾತಾಡುವ ಹಂತಕ್ಕೆ ಬಂದಿತ್ತು. ಆಸ್ಪತ್ರೆಯ ಓಣಿಯಲ್ಲಿ ಕುಡಿಯುವ ನೀರಿನ ನಲ್ಲಿಯ ಮೇಲೆ ಔಷಧ ಕಂಪನಿಯವರ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಬಿಳಿ ಬೆಟ್ಟ, ಬೆಟ್ಟದ ಕೆಳಗೊಂದು ಕೊಳ, ಕೊಳದ ದಂಡೆಯಲ್ಲಿ ಕಲ್ಲಿನ ಪುಟ್ಟ ಗುಡಿ. ಅಕ್ಕ ಅದರ ಮುಂದೆ ನಿಂತಳು.

"ನಾಲ್ಕು ಜನರ ಹೆಗಲ ಮೇಲೆ ಇವರನ್ನ ಕಳಿಸೋ ಹಾಗೆ ಮಾಡ್ಬೇಡಪ್ಪಾ. ಉಳಿಸಿಕೊಡು. ಇವರದೇ ಕಾಲ ಮೇಲೆ ನಡೆಸಿ ನಿನ್ನ ಹತ್ರ ಕಳಿಸ್ತೀನಿ."

ಉಳಿದ. ಹಾಸಿಗೆಯಲ್ಲಿ ಎದ್ದು ಕೂತು ಒಂದು ಲೋಟ ಹಾಲು ಕುಡಿದ ದಿನವೇ ಆಕೆ ವಿಷಯ ತಿಳಿಸಿದಳು.

"ಹರಕೆ ನಿಂದು, ಕಾಲು ನಂದಾ?" ಎಂದ ಲಿಫ್ಟಣ್ಣ.

"ಮತ್ತೆ? ಉಳಿದಿದ್ದು ನನ್ನ ಜೀವಾನಾ?"

ಸಾಲಗಾರರು ಮಾಡುವುದನ್ನೇ ಅವನೂ ಮಾಡಿದ: ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷ ಬಂದಾಗ ಅದನ್ನೂ ಮುಂದಿನದಕ್ಕೆ ದಾಟಿಸಿದ. ಅಕ್ಕ ಜಗಳವಾಡಲಿಲ್ಲ. ಆಸ್ಪತ್ರೆಯವರನ್ನು ಕೇಳಿ ಆ ಕ್ಯಾಲೆಂಡರನ್ನು ಮನೆಗೆ ತಂದು ಅಡುಗೆ ಒಲೆಯ ಎದುರು ನೇತುಹಾಕಿದ್ದಳು. ತಿಂಗಳ ಹಾಳೆಗಳೆಲ್ಲ ಹರಿದುಹೋಗಿ ಬೆಟ್ಟವೊಂದೇ ಉಳಿದಿತ್ತು. ಲಿಫ್ಟಣ್ಣ ಕೆಮ್ಮಿದಾಗಲೆಲ್ಲ ಆಕೆ ಅವನ ಕಡೆ ನೋಡುವ ಬದಲು ಆ ಬೆಟ್ಟದ ಕಡೆ ನೋಡುತ್ತಿದ್ದಳು. ಗಂಟಲಿಗೆ ಮೆಣಸಿನ ಘಾಟು ಹೋಗಿ ಕೆಮ್ಮಿದರೂ ಅಷ್ಟೇ. ಅವನಿಗೆ ಮನೆಯಲ್ಲಿ ಕೆಮ್ಮಲು ಹೆದರಿಕೆಯಾಗಿ, ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದ.

ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋಗುವಾಗ ಅಕ್ಕ ಹೇಳಿದಳು.

"ಈ ವರ್ಷ."

"ಏನು ಈ ವರ್ಷ?"

"ಏನು ಅಂತ ಗೊತ್ತು ನಿಮಗೆ. ಬೆಟ್ಟದ ಬುಡದ ತನಕ ಆದ್ರೂ ನಾನು ಬಂದು ನಿಮ್ಮನ್ನ ಆ ದಾರಿಗೆ ಹತ್ತಿಸ್ಬೇಕು. ಮಾತು ಕೊಟ್ಟೋಳು ನಾನು. ಈಗ ಇರೋ ಉಸಿರಿಗೆ ಬುಡದ ತನಕ ಹೋಗ್ಬಹುದು. ಮುಂದಿನ ವರ್ಷ ಅದೂ ಆಗಲ್ಲ."

ನಾಲ್ಕನೇ ಮಹಡಿ ಬಂತು. ಆಕೆ ಇಳಿದುಹೋದಳು. ಲಿಫ್ಟಣ್ಣ ಬಾಗಿಲು ಎಳೆಯುವುದನ್ನು ಮರೆತು ಅಲ್ಲೇ ನಿಂತ.

ಅವತ್ತೇ ಮಧ್ಯಾಹ್ನ ಅವನು ಆರನೇ ಮಹಡಿಯ ವಕೀಲರನ್ನು ಹಿಡಿದ. ವಕೀಲರು ಹರಕೆಯ ಮಾತನ್ನು ಎರಡು ಸಲ ಹೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ಅಭಿಪ್ರಾಯ ಕೊಟ್ಟರು.

"ನಾಲ್ಕು ಜನರ ಹೆಗಲು ಅಂದಿದಾರೆ. ಅಂದ್ಮೇಲೆ ಆಳುಗಳು ಹೊರೋ ಡೋಲಿ ಆಗಲ್ಲ. ಆದ್ರೆ ಕುದುರೆ? ಕುದುರೆ ಜನ ಅಲ್ಲ. ಕುದುರೆ ಮೇಲೆ ಹೋಗು. ವಾದಕ್ಕೆ ನಿಲ್ಲುತ್ತೆ."

ಲಿಫ್ಟಣ್ಣ ಈ ತೀರ್ಪನ್ನು ಜೋಪಾನವಾಗಿ ಹಿಡಿದುಕೊಂಡು ಆರರಿಂದ ನಾಲ್ಕಕ್ಕೆ ಇಳಿದ. ಅಕ್ಕ ಸರದಿ ಕೂಗುವುದನ್ನು ನಿಲ್ಲಿಸದೆ ಕೇಳಿದಳು.

"ಇವರದೇ ಕಾಲು ಅಂತಾನೂ ಅಂದಿದೀನಿ. ಆ ಕುದುರೆ ಕಾಲು ನಿಮ್ಮದಾ? ಮುಂದಿನವರು ಬನ್ನಿ."

ಲಿಫ್ಟಣ್ಣ ಮತ್ತೆ ಆರಕ್ಕೆ ಹೋದ. ವಕೀಲರು ಎದ್ದು ನಿಂತು ಅವನ ಬೆನ್ನು ತಟ್ಟಿದರು. "ಎದುರು ಪಾರ್ಟಿ ಬಲವಾಗಿದಾರೆ. ನಡೆದುಬಿಡಪ್ಪಾ."

ಹಲ್ಲಿನ ಆಸ್ಪತ್ರೆಯ ಡಾಕ್ಟ್ರಮ್ಮ ಪ್ರತಿವರ್ಷ ಒಂದು ತಂಡ ಕಟ್ಟಿಕೊಂಡು ಆ ಬೆಟ್ಟಕ್ಕೆ ಹೋಗುವವರು. ಎದುರಿಗೆ ನಿಂತು ಅವರು 'ಆ ಅನ್ನಿ' ಎಂದರೆ ಬೆಟ್ಟದ ಗುಹೆಗಳೂ ಬಾಯಿ ತೆರೆಯುತ್ತವೆ ಎಂದು ನಮ್ಮಲ್ಲಿ ಪ್ರತೀತಿ. ಅವರು ಲಿಫ್ಟಣ್ಣನನ್ನು ಎದೆಯ ಡಾಕ್ಟರ ಹತ್ತಿರ ಕಳಿಸಿ ತೋರಿಸಿದರು. ಎದೆ ಸರಿಯಿತ್ತು.

"ಕಾಲು ತಯಾರು ಮಾಡ್ಕೋಬೇಕು ಲಿಫ್ಟಣ್ಣ. ದಿನಾ ಮೆಟ್ಟಿಲು ಹತ್ತಿ. ಬೆಟ್ಟದ ದಾರಿ ಅಂದ್ರೆ ಮುಗಿಯದ ಮೆಟ್ಟಿಲು."

"ಆಗಲಿ ಡಾಕ್ಟ್ರಮ್ಮ," ಎಂದ. ಆ ಎರಡು ಪದ ಹೇಳುವಾಗ ಅವನ ಮುಖ ಹಲ್ಲು ಕೀಳಿಸಿಕೊಳ್ಳಲು ಕೂತವನ ಹಾಗಿತ್ತಂತೆ. ಆದರೆ ಮಾತು ಕೊಟ್ಟ ಮೇಲೆ ಅವನೂ ಅಕ್ಕನ ಗಂಡನೇ. ಮಾರನೆಯ ದಿನದಿಂದಲೇ ಶುರುಮಾಡಿದ.

ಇಲ್ಲಿ ನಮ್ಮ ಲಿಫ್ಟಿನ ವಿಚಾರ ಹೇಳಬೇಕು. ಅದಕ್ಕೆ ಗುಂಡಿಗಳಿದ್ದವು, ಯಾರು ಒತ್ತಿದರೂ ಏರುತ್ತಿತ್ತು. ಆದರೆ ಅದರ ಕಬ್ಬಿಣದ ಜಾಲರಿ ಬಾಗಿಲು ಮಾತ್ರ ಲಿಫ್ಟಣ್ಣನ ಕೈಗಲ್ಲದೆ ಇನ್ನೊಬ್ಬರ ಕೈಗೆ ಬಗ್ಗುತ್ತಿರಲಿಲ್ಲ. ಸ್ವಲ್ಪ ಎತ್ತಬೇಕು, ಮಧ್ಯಕ್ಕೆ ಒಂದು ಗುದ್ದು ಕೊಡಬೇಕು, ಆಮೇಲೆ ಏನೂ ಆಗಿಲ್ಲವೆಂಬಂತೆ ಎಳೆಯಬೇಕು. ಅವನು ರಜೆ ಹಾಕಿದ ಒಂದು ದಿನ ಒಳಗೆ ಸಿಕ್ಕಿಕೊಂಡ ವಿಮೆ ಏಜೆಂಟರೊಬ್ಬರು ಹೊರಬರುವಷ್ಟರಲ್ಲಿ ಜೊತೆಗಿದ್ದ ಮೂವರಿಗೂ ಪಾಲಿಸಿ ಮಾಡಿಸಿ ಮುಗಿಸಿದ್ದರು.

ಬೆಳಗಿನಿಂದ ಸಂಜೆಯವರೆಗೆ ಈ ಬಾಗಿಲಿನ ಕೆಲಸ. ಅಭ್ಯಾಸಕ್ಕೆ ಬೇರೆ ಹೊತ್ತಿಲ್ಲ. ಹಾಗಾಗಿ ಅವನು ಕೆಲಸದೊಳಗೇ ಅಭ್ಯಾಸವನ್ನು ಸೇರಿಸಿಕೊಂಡ. ಕೆಳಗೆ ಜನರನ್ನು ಹತ್ತಿಸಿ, ಹೊರಗಿನಿಂದ ಜಾಲರಿ ಎಳೆದು, "ಗುಂಡಿ ಒತ್ಕೊಳಿ, ಮೇಲೆ ಸಿಗ್ತೀನಿ" ಎಂದು ಹೇಳಿ ಮೆಟ್ಟಿಲ ಕಡೆ ಓಡುತ್ತಿದ್ದ. ಮೊದಮೊದಲು ಲಿಫ್ಟು ಮೇಲೆ ಹೋಗಿ ನಿಂತು, ಒಳಗಿನವರು ಪಂಜರದ ಗಿಳಿಗಳ ಹಾಗೆ ಜಾಲರಿ ಹಿಡಿದುಕೊಂಡು ಕಾದು, ಹಲ್ಲುನೋವಿನವರಿಗೆ ನೋವು ತಾನಾಗಿ ವಾಸಿಯಾಗಿ, ಗಡ್ಡ ಬೋಳಿಸಿಕೊಂಡು ಬಂದವರಿಗೆ ಮತ್ತೆ ಗಡ್ಡ ಬೆಳೆದ ಮೇಲೆ ಕೆಳಗಿನಿಂದ ಒಂದು ಏದುಸಿರು ಕೇಳಿಸುತ್ತಿತ್ತು.

ವಕೀಲರು ಒಂದು ದಿನ ಒಳಗಿನಿಂದಲೇ ವಾದ ಮಂಡಿಸಿದರು.

"ಏನಯ್ಯಾ, ನನ್ನ ಕಕ್ಷಿದಾರ ಇವತ್ತು ತಾನೇ ಜಾಮೀನಿನ ಮೇಲೆ ಹೊರಗೆ ಬಂದೋನು. ಅವನನ್ನ ಮತ್ತೆ ಕಂಬಿ ಹಿಂದೆ ನಿಲ್ಲಿಸಿದೀಯಲ್ಲ."

"ಬಂದೆ ಸಾರ್, ಮೂರರಲ್ಲಿದೀನಿ."

"ಮುಂದಿನ ವಾಯಿದೆಗಾದ್ರೂ ಬರ್ತೀಯ ತಾನೆ?"

ಆದರೆ ದಿನ ಕಳೆದಂತೆ ಏದುಸಿರು ತಗ್ಗಿತು. ಮಳೆಗಾಲ ಹೋಗಿ ಚಳಿಗಾಲ ಬರುವಷ್ಟರಲ್ಲಿ ಲಿಫ್ಟಿಗೂ ಅವನಿಗೂ ಸಮಸಮ ಪೈಪೋಟಿ. ಬೇಸಿಗೆಗೆ ಲಿಫ್ಟು ಸೋತಿತು. ಆರನೇ ಮಹಡಿಯಲ್ಲಿ ಜಾಲರಿಯ ಹೊರಗೆ ಅವನು ಬೀಗರನ್ನು ಎದುರುಗೊಳ್ಳಲು ನಿಂತವನ ಹಾಗೆ ನಗುತ್ತ ನಿಂತಿರುತ್ತಿದ್ದ. ಬಾಗಿಲು ತೆಗೆದು, ಬಂದವರನ್ನು ಇಳಿಸಿ, ಕೆಳಗೆ ಹೋಗುವವರನ್ನು ಹತ್ತಿಸಿಕೊಂಡು, ತಾನೂ ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಹಾಯಾಗಿ ಕೆಳಗೆ ಬರುತ್ತಿದ್ದ. ಮತ್ತೆ ಮೆಟ್ಟಿಲು. ಇದನ್ನು ನಾವೆಲ್ಲ ದಿನವೂ ನೋಡಿದೆವು, ಮೆಚ್ಚಿದೆವು. ಇದರಲ್ಲಿ ಒಂದು ಎಡವಟ್ಟಿದೆಯೆಂದು ಕಟ್ಟಡದ ಒಂದು ಪ್ರಾಣಿಗೂ ಹೊಳೆಯಲಿಲ್ಲ.

ಬೆಟ್ಟದ ಬುಡದ ಊರು ಎಂದರೆ ಒಂದೇ ಬೀದಿ. ತಗಡಿನ ಮಾಡಿನ ವಸತಿಗೃಹಗಳು, ಬೆತ್ತ ಮಾರುವ ಅಂಗಡಿಗಳು, ಕುದುರೆಗಳ ಲದ್ದಿ, ಎಲ್ಲರ ಬಾಯಿಂದಲೂ ಹೊಗೆಯಂತೆ ಬರುವ ಉಸಿರು. ಅಲ್ಲಿನ ಗಾಳಿಗೇ ಅಕ್ಕನ ಎದೆ ಸಿಳ್ಳೆ ಹಾಕತೊಡಗಿತ್ತು. ಬೀದಿಯ ಕೊನೆಯಲ್ಲಿ, ಕಲ್ಲುದಾರಿ ಶುರುವಾಗುವ ಕಡೆ ಒಂದು ಚಹಾ ಅಂಗಡಿ. ಅದರ ಮುಂದಿನ ಬೆಂಚಿನ ಮೇಲೆ ಆಕೆ ಕೂತಳು.

"ಕೇಳಿ. ಡೋಲಿ ಇಲ್ಲ, ಕುದುರೆ ಇಲ್ಲ, ಯಾರ ಹೆಗಲೂ ಇಲ್ಲ. ಆಗದೇ ಹೋದ್ರೆ ಎಲ್ಲಿದೀರೋ ಅಲ್ಲಿಂದ ತಿರುಗಿ ಬಂದುಬಿಡಿ."

"ಬಂದು?"

"ಬಂದು ಏನು? ಮುಂದಿನ ವರ್ಷ."

"ಮುಂದಿನ ವರ್ಷ ನಿನಗೆ ಇಲ್ಲೀತನಕ ಬರೋಕಾಗಲ್ಲ ಅಂದ್ಯಲ್ಲ."

"ಅಂದೆ."

"ಹಾಗಾದ್ರೆ ತಿರುಗಿ ಬರೋ ಮಾತು ಬಿಡು," ಎಂದು ಲಿಫ್ಟಣ್ಣ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡ.

ಡಾಕ್ಟ್ರಮ್ಮನ ತಂಡದಲ್ಲಿ ಅವರನ್ನೂ ಲಿಫ್ಟಣ್ಣನನ್ನೂ ಬಿಟ್ಟರೆ ಉಳಿದವರೆಲ್ಲ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು. ಮೈತುಂಬ ಹೊಸ ಬಟ್ಟೆ, ಕೈಗೆ ಹೃದಯದ ಬಡಿತ ತೋರಿಸುವ ಗಡಿಯಾರ. ಮೊದಲ ದಿನ ಅರ್ಧ ದಾರಿಗೇ ಆ ಗಡಿಯಾರಗಳು ಕೂಗಿಕೊಳ್ಳತೊಡಗಿದವು. ಲಿಫ್ಟಣ್ಣ ಮಾತ್ರ ಹಳೇ ಸ್ವೆಟರಿನಲ್ಲಿ, ಒಂದು ಕಾಲಾದ ಮೇಲೆ ಒಂದು ಕಾಲು, ಯಾರೋ ಮೇಲಿನ ಮಹಡಿಯಲ್ಲಿ ಗಂಟೆ ಒತ್ತಿದ್ದಾರೆಂಬಂತೆ ಹತ್ತುತ್ತಲೇ ಹೋದ. ಡಾಕ್ಟ್ರಮ್ಮ ಹಿಂದಿನಿಂದ, "ನಿಧಾನ ಲಿಫ್ಟಣ್ಣ, ಇಲ್ಲಿ ಗಾಳಿ ತೆಳು" ಎಂದು ಕೂಗಿ ಕೂಗಿ ಅವನನ್ನು ಅಲ್ಲಲ್ಲಿ ಕೂರಿಸಬೇಕಾಯಿತು.

ಅವನ ಹಿಂದೆ ಇನ್ನೊಬ್ಬ ಬಿದ್ದಿದ್ದ. ಬೂದುಬಣ್ಣದ ಕುದುರೆಯ ಯಜಮಾನ. ತಂಡದಲ್ಲಿ ವಯಸ್ಸಾದವರು ಯಾರೆಂದು ಬುಡದಲ್ಲೇ ಗುರುತು ಹಿಡಿದು, ಖಾಲಿ ಕುದುರೆ ನಡೆಸಿಕೊಂಡು ನಂಬಿಕೆಯಿಂದ ಬರುತ್ತಿದ್ದ.

"ತಾತಾ, ಕುದುರೆ ಬೇಕಾ?"

"ಬೇಡಪ್ಪ."

"ಈ ತಿರುವಲ್ಲಿ ಬೇಡ ಅಂದೋರು ಮುಂದಿನ ತಿರುವಲ್ಲಿ ಅಳ್ತಾರೆ."

"ಅಳೋವಾಗ ಕರೀತೀನಿ, ಹೋಗು."

ಮುಂದಿನ ತಿರುವು ಬಂತು, ಅದರ ಮುಂದಿನದೂ ಬಂತು. ಲಿಫ್ಟಣ್ಣ ಅಳಲಿಲ್ಲ. ಸಂಜೆಯ ಹೊತ್ತಿಗೆ ಕುದುರೆಯವನಿಗೇ ಅಳು ಬರುವಂತಾಗಿತ್ತು. ಆದರೆ ಅವನೂ ಪಟ್ಟುಹಿಡಿದವನೇ. ತಂಡದವರು ತಗಡಿನ ಕೊಟ್ಟಿಗೆಯೊಂದರಲ್ಲಿ ತಂಗಿದಾಗ ಅವನೂ ಅಲ್ಲೇ ತಂಗಿದ. ಅಲ್ಲಿ ಗಾಳಿ ಎಂಥದೆಂದರೆ, ಒಬ್ಬರ ಲೋಟದಿಂದ ಹಾರಿದ ಚಹಾವನ್ನು ಪಕ್ಕದವರು ತಮ್ಮ ಲೋಟದಲ್ಲಿ ಹಿಡಿದು ಕುಡಿಯುತ್ತಿದ್ದರಂತೆ.

ಮರುದಿನ ಮಧ್ಯಾಹ್ನಕ್ಕೆ ಮುಂಚೆ ಅವರು ಕಣಿವೆಯ ನೆತ್ತಿ ಮುಟ್ಟಿದರು. ಎರಡು ಬೆಟ್ಟಗಳ ನಡುವೆ ತಗ್ಗಿದ ಒಂದು ಹೆಗಲು, ಅದರ ಮೇಲೆ ಯಾತ್ರಿಕರು ಪೇರಿಸಿದ ಕಲ್ಲುಗುಡ್ಡೆಗಳು. ಆಚೆ ಬದಿಯಲ್ಲಿ, ಬಹಳ ಕೆಳಗೆ, ಕೊಳ ಕಾಣಿಸಿತು. ಕೊಳದ ದಂಡೆಯಲ್ಲಿ ಗುಡಿ. ಅಡುಗೆ ಒಲೆಯ ಎದುರು ಇಷ್ಟು ವರ್ಷ ನೋಡಿದ್ದು ಈಗ ಉಸಿರಾಡುತ್ತ ಎದುರಿಗಿತ್ತು. ಲಿಫ್ಟಣ್ಣ ಟೊಪ್ಪಿಗೆ ತೆಗೆದ. ಹತ್ತುವುದು ಮುಗಿದಿತ್ತು. ಇನ್ನು ಇಳಿದರೆ ದೇವರು.

ಇಳಿಯತೊಡಗಿದ. ಹತ್ತು ಹೆಜ್ಜೆ ಇಟ್ಟಿರಬಹುದು. ಮೊಣಕಾಲ ಚಿಪ್ಪಿನೊಳಗೆ ಯಾರೋ ಸ್ಕ್ರೂಡ್ರೈವರ್ ಹಾಕಿ ತಿರುವಿದ ಹಾಗಾಯಿತು. ಇನ್ನು ನಾಲ್ಕು ಹೆಜ್ಜೆಗೆ ಎರಡೂ ಕಾಲು ಗಡಗಡ ನಡುಗಿ, ಅವನು ಒಂದು ಬಂಡೆಯನ್ನು ತಬ್ಬಿಕೊಂಡು ನಿಂತುಬಿಟ್ಟ. ಹಿಂದಿನಿಂದ ಬಂದ ಡಾಕ್ಟ್ರಮ್ಮ ಬಗ್ಗಿ ಮೊಣಕಾಲು ಮುಟ್ಟಿ ನೋಡಿದರು. ಆಗಲೇ ಊದತೊಡಗಿತ್ತು.

"ಏನಿದು? ನಿನ್ನೆಯಿಂದ ಮೇಕೆ ಹತ್ತಿದ ಹಾಗೆ ಹತ್ತಿದ್ರಿ. ದಿನಾ ಮೆಟ್ಟಿಲು ಹತ್ತಿ ಇಳೀತಿದ್ರಿ ತಾನೆ?"

"ಹತ್ತುತಿದ್ದೆ."

"ಇಳೀತಿದ್ರಾ?"

"ಇಳಿಯೋಕೆ ಲಿಫ್ಟ್ ಇದೆಯಲ್ಲ ಡಾಕ್ಟ್ರಮ್ಮ."

ಡಾಕ್ಟ್ರಮ್ಮ ಕೊಳದ ಕಡೆ ನೋಡಿದರು, ಆಮೇಲೆ ಆಕಾಶದ ಕಡೆ. ಕಾಲಿಗೆ ಹತ್ತುವುದು ಒಂದು ವಿದ್ಯೆ, ಇಳಿಯುವುದು ಬೇರೆಯೇ ವಿದ್ಯೆ. ಅದಕ್ಕೆ ಬೇರೆ ಸ್ನಾಯು, ಬೇರೆ ತಾಲೀಮು. ಲಿಫ್ಟಣ್ಣನ ಕಾಲುಗಳು ಒಂದು ವಿದ್ಯೆಯಲ್ಲಿ ಪದವಿ ಪಡೆದು ಇನ್ನೊಂದರಲ್ಲಿ ಒಂದನೇ ತರಗತಿಗೂ ಸೇರಿರಲಿಲ್ಲ.

ಹೊತ್ತು ಕಾಯುವಂತಿರಲಿಲ್ಲ. ಅಲ್ಲಿ ಮಧ್ಯಾಹ್ನದ ಮೇಲೆ ಮೋಡ ಇಳಿಯುತ್ತದೆ, ಮೋಡ ಇಳಿದರೆ ಗುಡಿಯ ಬಾಗಿಲು ಹಾಕುತ್ತಾರೆ. ಡಾಕ್ಟ್ರಮ್ಮ ಹುಡುಗರನ್ನು ಮುಂದೆ ಕಳಿಸಿದರು. ಕುದುರೆಯವನು ಆ ಹೊತ್ತಿಗೆ ಸರಿಯಾಗಿ, ತಾನು ಹುಟ್ಟಿದ್ದೇ ಈ ಗಳಿಗೆಗೆ ಎಂಬಂತೆ ಪಕ್ಕಕ್ಕೆ ಬಂದು ನಿಂತ.

"ಕೂತ್ಕೋ ತಾತಾ. ಇಲ್ಲಿಂದ ಕೆಳಕ್ಕೆ ಅಷ್ಟೇ. ಹತ್ತಿದ್ದೆಲ್ಲ ನೀನೇ ತಾನೆ."

"ಇಲ್ಲಪ್ಪ. ಅವನ ಹತ್ರ ಹೋಗೋ ದಾರಿ ಇನ್ನೂ ಮುಗಿದಿಲ್ಲ."

"ಯಾರು ನೋಡ್ತಾರೆ ಇಲ್ಲಿ?"

"ಯಾರೂ ನೋಡಲ್ಲ. ಕೆಳಗೆ ಹೋದ್ಮೇಲೆ ನಡೆದೇ ಹೋದೆ ಅಂತ ಹೇಳಿದ್ರೆ ನನ್ನ ಹೆಂಡತಿ ನಂಬ್ತಾಳೆ." ಲಿಫ್ಟಣ್ಣ ಬಂಡೆಯ ಮೇಲಿನ ಹಿಡಿತ ಬಿಡದೆ ಹೇಳಿದ. "ಆಮೇಲೆ ಒಂದಿನ ನಾನು ಕೆಮ್ಮಿದಾಗ ಅವಳು ಆ ಕ್ಯಾಲೆಂಡರ್ ಕಡೆ ನೋಡಲ್ಲ. ಹರಕೆ ತೀರ್ತಲ್ಲ ಅಂತ ನೆಮ್ಮದಿಯಾಗಿ ಅಡುಗೆ ಮಾಡ್ತಿರ್ತಾಳೆ. ಆಗ ಆ ಕಡೆ ನೋಡೋನು ನಾನಾಗ್ತೀನಿ. ಅದು ನನಗೆ ಬೇಡ."

ಕುದುರೆಯವನಿಗೆ ಕ್ಯಾಲೆಂಡರು ಕೆಮ್ಮು ಒಂದೂ ಅರ್ಥವಾಗಲಿಲ್ಲ. ಬೇಡ ಎಂದದ್ದು ಅರ್ಥವಾಯಿತು.

"ಹಾಗಾದ್ರೆ ವಾಪಸ್ ನೆತ್ತಿಗೆ ಹತ್ತೋಣ," ಎಂದರು ಡಾಕ್ಟ್ರಮ್ಮ. "ಇಷ್ಟು ದೂರ ಬಂದಿದ್ದೇ ದೊಡ್ಡದು. ಮೇಲಿಂದ ಕೈಮುಗೀರಿ, ಸಾಕು."

"ಹತ್ರ ಕಳಿಸ್ತೀನಿ ಅಂದಿದಾಳೆ ಡಾಕ್ಟ್ರಮ್ಮ. ದೂರದಿಂದ ತೋರಿಸ್ತೀನಿ ಅಂದಿಲ್ಲ."

ಎಂದವನು ಇನ್ನೊಂದು ಹೆಜ್ಜೆ ಇಳಿದ. ಕಣ್ಣಲ್ಲಿ ನೀರು ಬಂತು. ಮತ್ತೊಂದು ಹೆಜ್ಜೆ. ಕೂತು, ಅಂಗೈ ಊರಿಕೊಂಡು, ತೆವಳಿ ಇಳಿಯಲು ನೋಡಿದ. ಅಂಥ ದಾರಿಯಲ್ಲಿ ಹಾಗೆ ತೆವಳಿದರೆ ಗುಡಿ ಮುಟ್ಟುವಷ್ಟರಲ್ಲಿ ಪ್ಯಾಂಟಿನ ಹಿಂಭಾಗ ಕಣಿವೆಯಲ್ಲೇ ಉಳಿಯುತ್ತಿತ್ತು. ಅದೂ ಅಲ್ಲದೆ ಅದು ಕಾಲ ಮೇಲೆ ಹೋದಂತೆ ಅಲ್ಲವೆಂದು ಅವನಿಗೇ ಅನ್ನಿಸಿತು. ಮತ್ತೆ ಎದ್ದು ನಿಂತ.

ಅಷ್ಟರಲ್ಲಿ ಕೆಳಗಿನಿಂದ ಕುದುರೆಗಳ ಸಾಲೊಂದು ಹತ್ತಿ ಬಂತು. ದಾರಿ ಇಕ್ಕಟ್ಟು. ಡಾಕ್ಟ್ರಮ್ಮ, "ಬೆಟ್ಟದ ಕಡೆ ತಿರುಗಿ ನಿಲ್ಲಿ" ಎಂದು ಅವನ ಭುಜ ಹಿಡಿದು ತಿರುಗಿಸಿದರು. ಲಿಫ್ಟಣ್ಣ ಬಂದ ದಾರಿಗೆ ಮುಖ ಮಾಡಿ ನಿಂತ. ಕೊನೆಯ ಕುದುರೆಯ ಹೊರೆ ಅಗಲವಾಗಿತ್ತು. ಅದಕ್ಕೆ ಜಾಗ ಬಿಡಲು ಅವನು ನೋಡದೆಯೇ ಹಿಂದಕ್ಕೆ ಒಂದು ಕಾಲಿಟ್ಟ. ಕಾಲು ಕೆಳಗಿನ ಕಲ್ಲಿನ ಮೇಲೆ ಕೂತಿತು. ಇನ್ನೊಂದು ಕಾಲನ್ನೂ ತಂದು ಅದರ ಪಕ್ಕ ಇಟ್ಟ.

ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಅನುಮಾನದಿಂದ ಇನ್ನೊಂದು ಕಾಲನ್ನು ಹಿಂದಕ್ಕೆ ಇಳಿಸಿದ. ನೋವು ಇತ್ತು, ಆದರೆ ಸ್ಕ್ರೂಡ್ರೈವರ್ ತಿರುಗಲಿಲ್ಲ.

"ಡಾಕ್ಟ್ರಮ್ಮ," ಎಂದ, "ಹಿಂದ್ಹಿಂದಕ್ಕೆ ಹೋದ್ರೆ ನಡೆದ ಹಾಗೇ ತಾನೆ?"

ಡಾಕ್ಟ್ರಮ್ಮ ಯೋಚಿಸಿದರು. "ಕಾಲು ನಿಮ್ಮದೇ ತಾನೆ?"

"ನಂದೇ."

"ಹಾಗಾದ್ರೆ ನಡೆದ ಹಾಗೇ."

ಅಲ್ಲಿಂದ ಮುಂದೆ ಆ ದಾರಿ ಕಂಡದ್ದನ್ನು ಆ ಬೆಟ್ಟ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಡಾಕ್ಟ್ರಮ್ಮ ಒಂದು ಹೆಜ್ಜೆ ಕೆಳಗೆ, ಅವನ ಬೆಲ್ಟನ್ನು ಹಿಡಿದುಕೊಂಡು, "ಕಲ್ಲು, ಚಿಕ್ಕದು... ಎಡಕ್ಕೆ... ಈಗ ಆಳ, ನಿಧಾನ..." ಎಂದು ಹೇಳುತ್ತ, ಲಿಫ್ಟಣ್ಣ ಬೆನ್ನು ಕೆಳಗೆ ಮುಖ ಮೇಲೆ ಮಾಡಿಕೊಂಡು, ಎರಡು ಬೆತ್ತ ಊರಿ, ಹಲ್ಲು ಕಚ್ಚಿ, ಒಂದೊಂದೇ ಕಾಲನ್ನು ಕೆಳಗೆ ಕಳಿಸುತ್ತ. ಮೇಲಿನಿಂದ ಇಳಿದು ಬರುತ್ತಿದ್ದ ಯಾತ್ರಿಕರಿಗೆಲ್ಲ ಅವನ ಮುಖ ಎದುರಾಗುತ್ತಿತ್ತು. ಇಕ್ಕಟ್ಟಾದ ಕಡೆಗಳಲ್ಲಿ ಹಿಂದಿಕ್ಕಲಾಗದೆ ಹತ್ತಾರು ಜನ ಅವನ ಮುಂದೆ ಸಾಲುಗಟ್ಟಿ ನಿಂತು, ತರಗತಿಯಲ್ಲಿ ಮೇಷ್ಟ್ರನ್ನು ನೋಡುವ ಹಾಗೆ ನೋಡುತ್ತಿದ್ದರು.

"ಏನ್ ತಾತಾ, ದೇವರ ಮೇಲೆ ಮುನಿಸಾ? ಆ ಕಡೆ ಮುಖ ಮಾಡಲ್ವಾ?" ಎಂದ ಒಬ್ಬ.

"ಮುನಿಸು ನನಗಲ್ಲಪ್ಪ, ನನ್ನ ಮಂಡಿಗೆ."

"ತಪ್ಪು ದಿಕ್ಕಿಗೆ ಹೊರಟಿದೀರಿ ಅಜ್ಜಾ," ಎಂದಳು ಇನ್ನೊಬ್ಬಳು.

"ಮುಖ ತಪ್ಪಮ್ಮ. ಕಾಲು ಸರಿಯಾಗೇ ಹೋಗ್ತಿದೆ."

ಕುದುರೆಯವನು ಮುಂದೆ ನಡೆದು, ಜಾರುವ ಕಲ್ಲುಗಳನ್ನು ಕಾಲಿನಿಂದ ಬದಿಗೆ ತಳ್ಳುತ್ತ ಹೋಗುತ್ತಿದ್ದ. ಯಾರೂ ಹೇಳಿರಲಿಲ್ಲ.

ಮೋಡದ ಮೊದಲ ಎಳೆ ಕೊಳದ ಮೇಲೆ ಬರುವಾಗ ಲಿಫ್ಟಣ್ಣನ ಹಿಮ್ಮಡಿಗೆ ಚಪ್ಪಟೆ ಚಪ್ಪಡಿ ಸಿಕ್ಕಿತು. ಗುಡಿಯ ಅಂಗಳ. ದೇವರ ಎದುರಿನಿಂದ ಹೊರಡುವಾಗ ಬೆನ್ನು ತೋರಿಸಬಾರದೆಂದು ಹಿಂದ್ಹಿಂದಕ್ಕೆ ಹೋಗುವ ಭಕ್ತರನ್ನು ಅಲ್ಲಿನ ಪೂಜಾರಿ ಲಕ್ಷಗಟ್ಟಲೆ ಕಂಡಿದ್ದರು. ಬರುವಾಗಲೇ ಹಾಗೆ ಬಂದವನನ್ನು ಅವರೂ ಕಂಡಿರಲಿಲ್ಲ, ಒಳಗೆ ಕೂತವನೂ ಕಂಡಿರಲಿಲ್ಲ. ಬಾಗಿಲಿಗೆ ಹಾಕಲೆಂದು ಹಿಡಿದಿದ್ದ ಬೀಗ ಪೂಜಾರಿಯ ಕೈಯಲ್ಲೇ ಉಳಿಯಿತು.

"ಬಂದಿದ್ದೋ ಹೊರಟಿದ್ದೋ?" ಎಂದು ಕೇಳಿದರು.

"ಬಂದೆ ಸ್ವಾಮಿ."

ಡಾಕ್ಟ್ರಮ್ಮ ಅವನನ್ನು ಭುಜ ಹಿಡಿದು ತಿರುಗಿಸಿ ಹೊಸ್ತಿಲ ಎದುರು ನಿಲ್ಲಿಸಿದರು. ಒಳಗೆ ಒಂದು ದೀಪ, ತಣ್ಣಗಿನ ಕರಿ ಕಲ್ಲು, ಕಲ್ಲಿನ ಮೇಲೆ ಹನಿಯುವ ನೀರು. ಲಿಫ್ಟಣ್ಣ ಏನನ್ನೂ ಬೇಡಲಿಲ್ಲ. ಕೈ ಮುಗಿದು, ಯಜಮಾನರಿಗೆ ಕೆಲಸ ಒಪ್ಪಿಸುವ ಹಾಗೆ ಹೇಳಿದ.

"ಅವಳು ಹೇಳಿದ ಹಾಗೆ ಬಂದಿದೀನಿ. ನನ್ನದೇ ಕಾಲು. ನೋಡ್ಕೊಂಡುಬಿಡು."

ನೋಡಿಕೊಂಡಿರಬೇಕು. ದೀಪ ಒಂದು ಸಲ ಅಲ್ಲಾಡಿತೆಂದು ಅವನು ಹೇಳುತ್ತಾನೆ. ಆ ಗಾಳಿಗೆ ಬೆಟ್ಟವೇ ಅಲ್ಲಾಡುತ್ತಿತ್ತೆಂದು ಡಾಕ್ಟ್ರಮ್ಮ ಹೇಳುತ್ತಾರೆ.

ಆ ರಾತ್ರಿ ಕೊಳದ ದಂಡೆಯ ಛತ್ರದಲ್ಲಿ ಕಳೆದು, ಬೆಳಿಗ್ಗೆ ಮತ್ತೆ ನೆತ್ತಿಗೆ ಹತ್ತಿದರು. ಹತ್ತುವುದು ಅವನಿಗೆ ಮನೆಯ ಕೆಲಸ. ಆದರೆ ನೆತ್ತಿಯಿಂದ ಬುಡದ ಊರಿಗೆ ಎಲ್ಲವೂ ಇಳಿಜಾರು. ಕುದುರೆಯವನು ಈ ಸಲ ಬೇರೆ ದನಿಯಲ್ಲಿ ಬಂದ.

"ತಾತಾ, ಪುಕ್ಕಟೆ ಕೂತ್ಕೋ. ನನಗೆ ನಿನ್ನನ್ನ ಹೀಗೆ ನೋಡೋಕಾಗಲ್ಲ."

ಡಾಕ್ಟ್ರಮ್ಮನೂ ಹೇಳಿದರು. "ಹೋಗೋದು ಮಾತ್ರ ಹರಕೆ. ಬರೋದಲ್ಲ. ನಿಮ್ಮ ವಕೀಲರನ್ನ ಬೇಕಾದ್ರೂ ಕೇಳಿ."

"ಅದು ಸರಿ ಡಾಕ್ಟ್ರಮ್ಮ. ಆದ್ರೆ ಅವಳು ಆ ಬೆಂಚಿನ ಮೇಲೆ ದಾರಿ ಕಡೆ ಮುಖ ಮಾಡಿ ಕೂತಿರ್ತಾಳೆ. ಅವಳಿಗೆ ಕಾಣೋದು ನಾನು ಬರೋದು ಮಾತ್ರ. ಕುದುರೆ ಮೇಲೆ ಬಂದ್ರೆ ಹೋಗಿದ್ದೂ ಹಾಗೇ ಅನ್ಕೋತಾಳೆ. ನೀವು ಹೇಳಿದ್ರೆ ಹೌದು ಅಂತಾಳೆ. ಬಾಯಲ್ಲಿ ಅಂತಾಳೆ."

ಎಂದು ಹೇಳಿ ತಿರುಗಿ ನಿಂತು ಬೆನ್ನನ್ನು ಇಳಿಜಾರಿಗೆ ಒಪ್ಪಿಸಿದ. ಡಾಕ್ಟ್ರಮ್ಮ ನಿಟ್ಟುಸಿರು ಬಿಟ್ಟು ಬೆಲ್ಟು ಹಿಡಿದುಕೊಂಡರು. ಖಾಲಿ ಹೋಗುವುದು ಬೇಡವೆಂದು ಕುದುರೆಯ ಮೇಲೆ ತಂಡದವರ ಚೀಲಗಳನ್ನೆಲ್ಲ ಹೇರಿ, ಮೇಲೊಂದು ಕಂಬಳಿ ಹೊದಿಸಿದರು. ದಾರಿಯಲ್ಲಿ ಒಂದು ರಾತ್ರಿ ಮತ್ತೆ ಅದೇ ತಗಡಿನ ಕೊಟ್ಟಿಗೆ. ಅಲ್ಲಿ ಅವನ ಮಂಡಿಗಳು ಕುಂಬಳಕಾಯಿಗಳಾಗಿದ್ದವು. ಬೆಳಿಗ್ಗೆ ಆ ಕುಂಬಳಕಾಯಿಗಳ ಮೇಲೇ ಮತ್ತೆ ಹೊರಟ.

ಬ್ಯಾಂಕಿನ ಹುಡುಗರು ಮಧ್ಯಾಹ್ನವೇ ಬುಡ ತಲುಪಿದರು. ಅಕ್ಕ ಬೆಂಚಿನಿಂದ ಎದ್ದಳು.

"ನಮ್ಮವರು?"

"ಹಿಂದೆ ಬರ್ತಿದಾರೆ ಆಂಟಿ."

"ಹೇಗೆ ಬರ್ತಿದಾರೆ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ನೀವೇ ನೋಡ್ತೀರಲ್ಲ."

ಆ ನಗು ಆಕೆಗೆ ಹಿಡಿಸಲಿಲ್ಲ. ಚಹಾ ಅಂಗಡಿಯವನು ತಂದಿಟ್ಟ ಚಹಾ ಆರಿತು, ಇನ್ನೊಂದು ತಂದಿಟ್ಟ, ಅದೂ ಆರಿತು. ಕುಳಿತಿರಲಾರದೆ ಆಕೆ ಕಲ್ಲುದಾರಿಯಲ್ಲಿ ಸ್ವಲ್ಪ ಮೇಲೆ ಹತ್ತಿದಳು. ಎದೆ ಸಿಳ್ಳೆ ಹಾಕಿತು. ಒಂದು ಮರಕ್ಕೆ ಕೈಯೂರಿ ನಿಂತಳು. ಬಿಸಿಲು ಹಳದಿಯಾಗುವ ಹೊತ್ತಿಗೆ ಮೇಲಿನ ತಿರುವಿನಲ್ಲಿ ಬೂದುಬಣ್ಣದ ಕುದುರೆ ಕಾಣಿಸಿತು. ಅದರ ಮೇಲೆ ಕಂಬಳಿ ಹೊದ್ದ ಏನೋ ಒಂದು, ಗಂಡಸಿನಷ್ಟೇ ದಪ್ಪ, ಮುಂದಕ್ಕೆ ಬಾಗಿಕೊಂಡಿತ್ತು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಹಿಡಿದುಕೊಂಡಳು. ಕುದುರೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಕಂಬಳಿ ಸರಿದು ಒಂದು ಚೀಲದ ಪಟ್ಟಿ ಹೊರಗೆ ಜೋತುಬಿತ್ತು.

ಕುದುರೆಯ ಹಿಂದೆ, ಬಹಳ ಹಿಂದೆ, ಒಂದು ಬೆನ್ನು ಬರುತ್ತಿತ್ತು. ಹಳೇ ಸ್ವೆಟರಿನ ಬೆನ್ನು. ಒಂದು ಹೆಜ್ಜೆ, ನಿಲ್ಲುವುದು, ಇನ್ನೊಂದು ಹೆಜ್ಜೆ, ನಿಲ್ಲುವುದು. ಪಕ್ಕದಲ್ಲಿ ಡಾಕ್ಟ್ರಮ್ಮ "ಕಲ್ಲು... ಬಲಕ್ಕೆ..." ಎನ್ನುತ್ತಿದ್ದರು. ಅಕ್ಕನನ್ನು ಕಂಡು ಸುಮ್ಮನಾದರು. ಬೆನ್ನು ತಾನಾಗಿಯೇ ಕೊನೆಯ ಕೆಲವು ಕಲ್ಲುಗಳನ್ನು ತಡಕಾಡಿ ಇಳಿದು, ಆಕೆಯಿಂದ ಒಂದು ಮೊಳ ದೂರಕ್ಕೆ ಬಂದು ನಿಂತಿತು.

ಅಕ್ಕ ಸುತ್ತಿಕೊಂಡು ಅವನ ಮುಖದ ಕಡೆಗೆ ಬಂದಳು. ಗಡ್ಡ ಬೆಳೆದಿತ್ತು, ತುಟಿ ಒಡೆದಿತ್ತು. ಆಕೆ ಅವನ ಮುಖ ನೋಡಿ, ಮಂಡಿ ನೋಡಿ, ಮತ್ತೆ ಮುಖ ನೋಡಿದಳು.

"ಪೂರ್ತಿ?"

"ಪೂರ್ತಿ."

"ಕಾಲು ನೋಯ್ತಿದ್ಯಾ?"

"ಇದೆಂಥ ಪ್ರಶ್ನೆ ಕಣೇ."

"ನೋಯ್ಲಿ," ಎಂದಳು ಅಕ್ಕ. ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು, ಆದರೂ ಸರದಿ ಕೂಗುವ ಹಳೆಯ ದನಿ ಎಲ್ಲಿಂದಲೋ ಬಂದಿತ್ತು. "ಇವತ್ತೊಂದಿನ ನೋಯ್ಲಿ. ಬನ್ನಿ, ಬಿಸಿನೀರು ಕಾಯಿಸೋಕೆ ಹೇಳಿದೀನಿ."

ಅವನ ಕೈಯ ಒಂದು ಬೆತ್ತವನ್ನು ತಾನು ತೆಗೆದುಕೊಂಡು, ಅವನು ಎಡವದ ಹಾಗೆ ಒಂದು ಹೆಜ್ಜೆ ಕೆಳಗೆ ಹೋಗಿ ನಿಂತಳು.